ಸಮಸ್ಯೆಯ ಉಪಕಾರ

ಇಂದಿನ ಮಾತಿನಲ್ಲಿ ‘ಸಮಸ್ಯೆ’ ಎಂದರೆ ತೊಂದರೆಯೆಂದೇ ಅರ್ಥ. ನೀರಿನ ಸಮಸ್ಯೆ, ಸಾಲದ ಸಮಸ್ಯೆ, ಮಕ್ಕಳ ಮದುವೆಯ ಸಮಸ್ಯೆ ಎಂದು ದಿನಕ್ಕೆ ಹತ್ತು ಬಾರಿಯಾದರೂ ಈ ಶಬ್ದವು ಕಿವಿಗೆ ಬೀಳುತ್ತದೆ. ಆದರೆ ಸಂಸ್ಕೃತದಲ್ಲಿ ಈ ಪದಕ್ಕೆ ಮೊದಲಿದ್ದ ಅರ್ಥವೇ ಬೇರೆ. ಒಬ್ಬನು ಪದ್ಯದ ಒಂದು ಪಾದವನ್ನೋ ಅರ್ಧಪಾದವನ್ನೋ ಕೊಡುವುದು, ಇನ್ನೊಬ್ಬನು ಉಳಿದುದನ್ನು ಕೂಡಿಸಿ ಪದ್ಯವನ್ನು ಪೂರ್ತಿಮಾಡುವುದು. ಹಾಗೆ ಕೊಟ್ಟ ತುಣುಕಿಗೆ ಸಮಸ್ಯೆಯೆಂದು ಹೆಸರು. ‘ಸಮ್’ ಎಂಬ ಉಪಸರ್ಗವು ‘ಅಸ್’ ಧಾತುವಿನೊಡನೆ ಸೇರಿ ಒಟ್ಟುಗೂಡಿಸುವುದೆಂಬ ಅರ್ಥವನ್ನು ಕೊಡುವುದರಿಂದ ಈ ಪದವು ಹುಟ್ಟಿತು. ಅಮರಸಿಂಹನು ತನ್ನ ಕೋಶದ ಶಬ್ದಾದಿವರ್ಗದಲ್ಲಿ ಇದನ್ನು ಪ್ರಹೇಲಿಕೆಗೆ, ಎಂದರೆ ಒಗಟಿಗೆ, ಸಮೀಪದಲ್ಲಿಯೇ ಇರಿಸಿದ್ದಾನೆ. ಅಂದು ಬಾಯಿ ಬಿಡಿಸುವ ಉಪಾಯವಾಗಿದ್ದ ಮಾತು ಇಂದು ಬಾಯಿ ಕಟ್ಟಿಸುವ ಕಷ್ಟದ ಹೆಸರಾಗಿ ನಿಂತಿದೆ. ಆ ಹಳೆಯ ಅರ್ಥವನ್ನು ಮತ್ತೆ ಮನೆಮನೆಗೂ ಕರೆತರಬೇಕೆಂಬುದೇ ಈ ತಿಂಗಳ ಬಿನ್ನಹ.

ಇದಕ್ಕೆ ಕಾರಣವುಂಟು. ಈ ಅಂಕಣವನ್ನು ಓದುವವರು ಬರೆಯುವ ಕಾಗದಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿರುತ್ತದೆ. “ಬರೆಯಬೇಕೆಂಬ ಆಸೆಯೇನೋ ಉಂಟು, ಬರೆಯಲು ಕುಳಿತರೆ ಏನೂ ತೋಚುವುದಿಲ್ಲ” ಎಂಬುದೇ ಆ ಮಾತು. ಹೀಗೆ ಹೇಳುವವರು ಕವಿಗಳಾಗಬೇಕೆಂದು ಹೊರಟವರಲ್ಲ. ದೂರದಲ್ಲಿರುವ ಮಗಳಿಗೆ ನಾಲ್ಕು ಸಾಲು ಬರೆಯಲಾರದ ತಾಯಿ, ತಂದೆಯ ಕಾಲದ ಸಂಗತಿಗಳನ್ನು ಬರೆದಿಡಬೇಕೆಂದು ಪುಸ್ತಕವನ್ನು ಕೊಂಡುತಂದು ಮೊದಲನೆಯ ಪುಟದಲ್ಲಿ ‘ಶ್ರೀ’ಕಾರವನ್ನು ಬರೆದು ಅಲ್ಲಿಗೇ ನಿಲ್ಲಿಸಿದ ಗೃಹಸ್ಥ, ನಾಳೆ ಪ್ರಬಂಧವನ್ನು ಒಪ್ಪಿಸಬೇಕಾಗಿ ಇಂದು ರಾತ್ರಿ ಲೇಖನಿಯ ತುದಿಯನ್ನು ಕಚ್ಚುತ್ತ ಕುಳಿತ ಹುಡುಗ, ಇಂಥವರು.

ಇವರ ತಲೆಯಲ್ಲಿ ಏನೂ ಇಲ್ಲವೆಂದು ಯಾರೂ ತಿಳಿಯಬಾರದು. ಅದೇ ತಾಯಿ ಬಾವಿಯ ಕಟ್ಟೆಯ ಬಳಿ ನಿಂತರೆ ಅರ್ಧ ಗಂಟೆ ಸೊಗಸಾಗಿ ಮಾತನಾಡಬಲ್ಲಳು. ಅದೇ ಗೃಹಸ್ಥನು ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕುಳಿತರೆ ಮೂರು ತಲೆಮಾರಿನ ಜಮೀನಿನ ವ್ಯಾಜ್ಯವನ್ನು ತಿಥಿವಾರ ಸಹಿತವಾಗಿ ಹೇಳಬಲ್ಲನು. ಕೊರತೆಯಿರುವುದು ವಿಷಯಕ್ಕಲ್ಲ, ಆಲಂಬನಕ್ಕೆ. ಬಾವಿಯ ಕಟ್ಟೆಯಲ್ಲಿ ಎದುರಿಗಿದ್ದವಳು ಒಂದು ಪ್ರಶ್ನೆ ಕೇಳುತ್ತಾಳೆ. ಅದನ್ನು ಹಿಡಿದು ಮಾತು ಮೇಲಕ್ಕೇರುತ್ತದೆ. ಬರಿಯ ಹಾಳೆಯಾದರೋ ಏನನ್ನೂ ಕೇಳುವುದಿಲ್ಲ. ‘ಏನನ್ನು ಬೇಕಾದರೂ ಬರೆ’ ಎಂದು ಸುಮ್ಮನೆ ಬಿದ್ದಿರುತ್ತದೆ. ಅವರೆಯ ಬಳ್ಳಿಯ ಮುಂದೆ ಇಡೀ ಆಕಾಶವೇ ತೆರೆದಿದ್ದರೂ ಒಂದು ಕಡ್ಡಿಯನ್ನು ನೆಡದಿದ್ದರೆ ಅದು ನೆಲದ ಮೇಲೆಯೇ ಹರಿದು ಮಣ್ಣುಪಾಲಾಗುವುದಷ್ಟೆ.

ನಮ್ಮ ಶಾಸ್ತ್ರಕಾರರು ಹೇಳುವ ಅರುಂಧತೀನ್ಯಾಯವು ಇಲ್ಲಿ ನೆನಪಿಗೆ ಬರುತ್ತದೆ. ಮದುವೆಯ ರಾತ್ರಿ ವಧುವಿಗೆ ಅರುಂಧತೀ ನಕ್ಷತ್ರವನ್ನು ತೋರಿಸಬೇಕು. ಅದು ಬಹು ಸಣ್ಣದು. ನೇರವಾಗಿ ತೋರಿಸಿದರೆ ಕಾಣಿಸದು. ಆದಕಾರಣ ಮೊದಲು ಅದರ ಬಳಿಯ ದೊಡ್ಡ ನಕ್ಷತ್ರವನ್ನು ತೋರಿಸಿ, ದೃಷ್ಟಿಯು ಅಲ್ಲಿ ನೆಲೆಗೊಂಡ ಮೇಲೆ ಪಕ್ಕದ ಸಣ್ಣದನ್ನು ತೋರಿಸುತ್ತಾರೆ. ಮನಸ್ಸಿನಲ್ಲಿ ನಿಜವಾಗಿ ಹೇಳಬೇಕಾಗಿರುವ ಸಂಗತಿಯೂ ಹಾಗೆಯೇ ಸೂಕ್ಷ್ಮವಾದದ್ದು. ಅದನ್ನೇ ನೇರವಾಗಿ ಹುಡುಕಿದರೆ ಸಿಕ್ಕುವುದಿಲ್ಲ. ಯಾವುದೋ ಒಂದು ಸುಲಭವಾದ, ಕಣ್ಣಿಗೆ ಕಾಣುವ ವಸ್ತುವಿನ ಕಡೆಗೆ ಮೊದಲು ತಿರುಗಿಕೊಂಡರೆ, ಅದರ ಮಗ್ಗುಲಲ್ಲಿಯೇ ಅದು ಮಿನುಗುತ್ತಿರುತ್ತದೆ. ಕೊಟ್ಟ ಮಾತನ್ನು ಹಿಡಿದು ಬರೆಯುವುದರ ಪ್ರಯೋಜನವು ಇದೇ.

ಇದು ಹೊಸ ಕಾಲದ ಯುಕ್ತಿಯೆಂದು ಕೆಲವರು ಎಣಿಸಬಹುದು. ಹಾಗಲ್ಲ. ವಾತ್ಸ್ಯಾಯನನು ಕಾಮಸೂತ್ರದಲ್ಲಿ ಎಣಿಸಿರುವ ಅರುವತ್ತನಾಲ್ಕು ಕಲೆಗಳಲ್ಲಿ ಕಾವ್ಯಸಮಸ್ಯಾಪೂರಣವೂ ಒಂದು. ಹೂಮಾಲೆ ಕಟ್ಟುವುದು, ಅಡಿಗೆ ಮಾಡುವುದು, ಸೂಜಿಯ ಕೆಲಸ, ಒಗಟು ಹೇಳುವುದು ಇವುಗಳ ಸಾಲಿನಲ್ಲಿ ಅದನ್ನು ಸೇರಿಸಿದ್ದಾನೆಂದರೆ, ಅದು ವಿದ್ವಾಂಸರ ಸ್ವತ್ತು ಮಾತ್ರವಲ್ಲ, ನಾಗರಿಕ ಜೀವನದ ಒಂದು ನಿತ್ಯವಿನೋದವಾಗಿತ್ತೆಂದು ತಿಳಿಯಬೇಕು.

ಕ್ರಿಸ್ತಶಕ ೯೦೦ರ ಸುಮಾರಿನಲ್ಲಿದ್ದ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಯನ್ನು ಜಾವಜಾವವಾಗಿ ವಿವರಿಸಿದ್ದಾನೆ. ಬೆಳಗಿನ ಜಾವವು ಓದಿಗೆ, ಎರಡನೆಯದು ರಚನೆಗೆ, ಊಟವಾದ ಮೇಲೆ ಮಿತ್ರರೊಡನೆ ಗೋಷ್ಠಿ. ಆ ಗೋಷ್ಠಿಯಲ್ಲಿ ಪ್ರಶ್ನೋತ್ತರಗಳೊಡನೆ ಸಮಸ್ಯೆಗಳ ಅಭ್ಯಾಸವೂ ನಡೆಯಬೇಕು. ನಾಲ್ಕನೆಯ ಜಾವದಲ್ಲಿ ಬೆಳಗ್ಗೆ ಬರೆದುದರ ಪರೀಕ್ಷೆ. ಹೆಚ್ಚಾದುದನ್ನು ತೆಗೆಯುವುದು, ಕಡಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಸರಿಸುವುದು, ಮರೆತುದನ್ನು ನೆನೆಯುವುದು. ಬರೆಯುವ ಹೊತ್ತು ಬೇರೆ, ತಿದ್ದುವ ಹೊತ್ತು ಬೇರೆ ಎಂಬ ಈ ವ್ಯವಸ್ಥೆಯು ಗಮನಿಸತಕ್ಕದ್ದು. ರಸಾವೇಶದಲ್ಲಿರುವಾಗ ವಿವೇಚನೆಯ ಕಣ್ಣು ತೆರೆದಿರುವುದಿಲ್ಲವೆಂದು ಅವನೇ ಕಾರಣವನ್ನೂ ಕೊಡುತ್ತಾನೆ. ನಮ್ಮಲ್ಲಿ ಬಹುಮಂದಿಯ ಕಷ್ಟವು ಈ ಎರಡು ಕೆಲಸಗಳನ್ನೂ ಒಂದೇ ಹೊತ್ತಿನಲ್ಲಿ ಮಾಡಹೋಗುವುದರಿಂದ ಬರುತ್ತದೆ. ಒಂದು ವಾಕ್ಯವನ್ನು ಬರೆಯುವುದು, ಒಡನೆಯೇ ಅದು ಚೆನ್ನಾಗಿಲ್ಲವೆಂದು ಹೊಡೆದುಹಾಕುವುದು. ಉತ್ತ ಸಾಲಿನ ಮೇಲೆಯೇ ಮತ್ತೆ ಮತ್ತೆ ನೇಗಿಲು ಹಾಯಿಸುತ್ತಿದ್ದರೆ ಬಿತ್ತನೆ ಮಾಡುವುದು ಯಾವಾಗ?

ರಾಜಶೇಖರನು ಹೇಳಿರುವ ಇನ್ನೆರಡು ಮಾತುಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು. ‘ಆಮೇಲೆ ಮುಗಿಸುತ್ತೇನೆ, ಆಮೇಲೆ ತಿದ್ದುತ್ತೇನೆ, ಗೆಳೆಯರೊಡನೆ ಆಲೋಚಿಸುತ್ತೇನೆ’ ಎಂಬ ಚಂಚಲತೆಯನ್ನು ಅವನು ಗ್ರಂಥನಾಶದ ಕಾರಣಗಳಲ್ಲಿ, ದೇಶಕ್ಕೆ ಬರುವ ಉಪದ್ರವದ ಪಕ್ಕದಲ್ಲಿಯೇ ನಿಲ್ಲಿಸಿದ್ದಾನೆ. ಸಾವಿರದ ನೂರು ವರ್ಷಗಳ ಹಿಂದೆಯೂ ಮನುಷ್ಯನ ನೆಪಗಳು ಇವೇ ಆಗಿದ್ದುವು. ಎರಡನೆಯದು, ಕವಿತ್ವಕ್ಕೆ ಎಂಟು ಮಂದಿ ತಾಯಂದಿರೆಂದು ಎಣಿಸುವಾಗ ಆರೋಗ್ಯ, ಪ್ರತಿಭೆ, ಅಭ್ಯಾಸ ಮೊದಲಾದವನ್ನು ಹೇಳಿ, ಕೊನೆಯವಳಾಗಿ ‘ಅನಿರ್ವೇದ’ವನ್ನು ಹೇಳಿದ್ದಾನೆ. ಅನಿರ್ವೇದವೆಂದರೆ ಬೇಸರಪಟ್ಟು ಕೈಬಿಡದಿರುವುದು. ಪ್ರತಿಭೆಯೆಂಬ ತಾಯಿ ಎಲ್ಲರ ಮನೆಯಲ್ಲಿಯೂ ಇರಲಾರಳು. ಅನಿರ್ವೇದವೆಂಬ ತಾಯಿಯನ್ನು ಯಾರು ಬೇಕಾದರೂ ಕರೆದು ಮಣೆ ಹಾಕಬಹುದು.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ‘ಕವಿಕಂಠಾಭರಣ’ದಲ್ಲಿ ಇನ್ನೂ ಕೆಳಗಿನ ಮೆಟ್ಟಲಿಗೆ ಇಳಿದು ಪಾಠ ಹೇಳಿದನು. ಬರೆಯಲು ಬಾರದ ಶಿಷ್ಯನು ಮೊದಲು ಅರ್ಥವನ್ನೇ ಬಿಟ್ಟು ಬರಿಯ ಶಬ್ದಗಳಿಂದ ಛಂದಸ್ಸನ್ನು ತುಂಬಲಿ, ಆಮೇಲೆ ಹಿರಿಯರ ಪದ್ಯಗಳಲ್ಲಿ ಪದಗಳನ್ನು ಬದಲಾಯಿಸಿ ನೋಡಲಿ, ಪಾದಗಳನ್ನು ಪೂರ್ತಿಮಾಡಲಿ, ನಾಟಕವನ್ನು ನೋಡಲಿ, ಶಿಲ್ಪಿಗಳ ಕೈಚಳಕವನ್ನು ನೋಡಲಿ ಎಂದು ನೂರು ಶಿಕ್ಷೆಗಳನ್ನು ಕೊಟ್ಟಿದ್ದಾನೆ. ಶಿಕ್ಷೆಯೆಂದರೆ ಇಲ್ಲಿ ದಂಡನೆಯಲ್ಲ, ಕಲಿಸುವಿಕೆ. ಸ್ಫೂರ್ತಿಯು ಆಕಾಶದಿಂದ ಇಳಿದುಬರಲೆಂದು ಬಾಯಿ ತೆರೆದು ಕುಳಿತಿರು ಎಂದು ನಮ್ಮ ಪೂರ್ವಿಕರು ಯಾರೂ ಹೇಳಲಿಲ್ಲ.

ಕೊಟ್ಟ ಮಾತು ಎಷ್ಟು ದೂರ ಕರೆದೊಯ್ಯಬಲ್ಲುದೆಂಬುದಕ್ಕೆ ನಮ್ಮ ಕನ್ನಡನಾಡಿನಲ್ಲಿಯೇ ಒಂದು ಅದ್ಭುತವಾದ ನಿದರ್ಶನವುಂಟು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು ‘ಪಾರ್ಶ್ವಾಭ್ಯುದಯ’ವೆಂಬ ಸಂಸ್ಕೃತ ಕಾವ್ಯವನ್ನು ರಚಿಸಿದರು. ಅದರಲ್ಲಿ ಕಾಳಿದಾಸನ ‘ಮೇಘದೂತ’ದ ಸಾಲುಗಳೆಲ್ಲ, ಪದ್ಯಕ್ಕೆ ಒಂದೋ ಎರಡೋ ಆಗಿ, ಕ್ರಮವಾಗಿ ಸೇರಿಕೊಂಡಿವೆ. ವಿರಹಿಯಾದ ಯಕ್ಷನು ಮೋಡದೊಡನೆ ಆಡಿದ ಮಾತುಗಳೇ ಇಲ್ಲಿ, ಧ್ಯಾನದಲ್ಲಿ ನಿಂತ ಪಾರ್ಶ್ವನಾಥನನ್ನು ಜನ್ಮಾಂತರದ ವೈರಿಯು ಕದಲಿಸಹೊರಟ ಕಥೆಗೆ ಒಪ್ಪುವಂತೆ ತಿರುಗಿಕೊಂಡಿವೆ. ಇಡೀ ಮೇಘದೂತವೇ ಒಂದು ಸಮಸ್ಯೆಯಾಯಿತು. ಶೃಂಗಾರದ ನೂಲಿನಿಂದಲೇ ವೈರಾಗ್ಯದ ಬಟ್ಟೆಯನ್ನು ನೆಯ್ದುದಾಯಿತು. ಪರರ ಸಾಲನ್ನು ಹಿಡಿದು ಬರೆದರೆ ಸ್ವಂತಿಕೆಯು ಹೋಗುವುದೆಂದು ಹೆದರುವವರಿಗೆ ಇದೊಂದೇ ಉತ್ತರ ಸಾಕು.

ಈ ವಿದ್ಯೆಯು ಗ್ರಂಥಗಳಲ್ಲಿ ಮಾತ್ರ ಉಳಿದಿರುವುದೂ ಅಲ್ಲ. ಅವಧಾನಕಲೆಯ ರೂಪದಲ್ಲಿ ಅದು ಇಂದಿಗೂ ಸಭೆಗಳಲ್ಲಿ ನಡೆಯುತ್ತಿದೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಸುತ್ತಲೂ ಕುಳಿತು ಒಬ್ಬೊಬ್ಬರೂ ಒಂದೊಂದು ವಿಧದ ತಡೆಯನ್ನು ಒಡ್ಡುತ್ತಾರೆ. ಅವಧಾನಿಯ ಕೈಯಲ್ಲಿ ಕಾಗದವಿಲ್ಲ, ಲೇಖನಿಯಿಲ್ಲ. ಸುತ್ತಿಗೊಂದು ಪಾದದಂತೆ ನಾಲ್ಕು ಸುತ್ತುಗಳಲ್ಲಿ ಪದ್ಯಗಳನ್ನು ಮುಗಿಸಿ, ಕೊನೆಯಲ್ಲಿ ಎಲ್ಲವನ್ನೂ ನೆನಪಿನಿಂದ ಒಪ್ಪಿಸಬೇಕು. ನಡುವೆ ಅಪ್ರಸ್ತುತ ಪ್ರಸಂಗಿಯೆಂಬುವನು ಸಂಬಂಧವಿಲ್ಲದ ಪ್ರಶ್ನೆಗಳನ್ನು ಎಸೆಯುತ್ತಲೇ ಇರುತ್ತಾನೆ. ಶತಾವಧಾನಿ ಆರ್. ಗಣೇಶರು ೨೦೧೨ರಲ್ಲಿ ಬೆಂಗಳೂರಿನಲ್ಲಿ ನೂರು ಮಂದಿ ಪೃಚ್ಛಕರ ಎದುರಿಗೆ ಮೂರು ದಿನಗಳ ಕಾಲ ಸಂಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದುದನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು.

ಅವಧಾನದ ಅಂಗಗಳಲ್ಲಿ ಮೂರು ನಮ್ಮ ಗೃಹಕೃತ್ಯಕ್ಕೆ ಬರುವಂಥವು. ಮೊದಲನೆಯದು ಸಮಸ್ಯೆ. ಕೇಳಿದೊಡನೆ ಅಸಂಗತವೆನ್ನಿಸುವ ಒಂದು ಸಾಲನ್ನು ಕೊಡುತ್ತಾರೆ. ಅದು ಸಂಗತವಾಗುವಂತೆ ಉಳಿದುದನ್ನು ಕಟ್ಟಬೇಕು. ನಮ್ಮ ಕಡೆಗೆ ಒಪ್ಪುವ ಒಂದು ಉದಾಹರಣೆಯನ್ನು ಕಲ್ಪಿಸಿ ಹೇಳುವೆನು. ‘ಬೆಂಕಿಯಲ್ಲಿ ತಂಪು ಹುಟ್ಟಿತು’ ಎಂದು ಯಾರಾದರೂ ಕೊಟ್ಟರೆನ್ನೋಣ. ಇದು ಹೇಗೆ ಸಾಧ್ಯ? ಮಂಡ್ಯದ ಸೀಮೆಯವರಿಗೆ ಉತ್ತರವು ದೂರವಿಲ್ಲ. ಆಲೆಮನೆಯ ಕೊಪ್ಪರಿಗೆಯ ಕೆಳಗೆ ಬೆಂಕಿ ಧಗಧಗಿಸುತ್ತದೆ. ಕಬ್ಬಿನ ಹಾಲು ಕುದಿದು ಪಾಕವಾಗಿ ಬೆಲ್ಲವಾಗುತ್ತದೆ. ಆ ಬೆಲ್ಲವೇ ಶ್ರೀರಾಮನವಮಿಯ ದಿನ ಪಾನಕವಾಗಿ ಬಿಸಿಲಿನಲ್ಲಿ ಬಂದವನ ಗಂಟಲನ್ನು ತಣಿಸುತ್ತದೆ. ‘ಬೆಲ್ಲದ ವಿಷಯವಾಗಿ ಬರೆಯಿರಿ’ ಎಂದಿದ್ದರೆ ‘ಬೆಲ್ಲವು ಸಿಹಿಯಾಗಿರುತ್ತದೆ’ ಎಂದು ಬರೆದು ನಿಲ್ಲುವವರು, ಈ ಗಂಟನ್ನು ಬಿಡಿಸಹೋಗಿ ಆಲೆಮನೆಯನ್ನೂ ರಾಮನವಮಿಯನ್ನೂ ಒಟ್ಟಿಗೆ ಕಂಡರು. ಎರಡನೆಯದು ದತ್ತಪದಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೊಟ್ಟು, ಅವು ನಾಲ್ಕೂ ಬರುವಂತೆ ಬರೆಯಿಸುವುದು. ಮೂರನೆಯದು ನಿಷೇಧಾಕ್ಷರಿ. ಅವಧಾನಿಯು ಮುಂದೆ ಇಡಲಿರುವ ಅಕ್ಷರವನ್ನು ಊಹಿಸಿ ‘ಇದು ಕೂಡದು’ ಎಂದು ಪೃಚ್ಛಕನು ತಡೆಯುತ್ತಾನೆ. ಹತ್ತಿರದ ದಾರಿಯನ್ನು ಮುಚ್ಚಿದರೆ ಮನಸ್ಸು ತಾನೇ ಬೇರೆ ದಾರಿಯನ್ನು ಹುಡುಕುತ್ತದೆ. ನಮ್ಮ ಕಾಗದಗಳಲ್ಲಿ ‘ಬಹಳ ಚೆನ್ನಾಗಿತ್ತು’, ‘ಹೇಳಲಸಾಧ್ಯವಾದ ಆನಂದವಾಯಿತು’ ಎಂಬ ಎರಡು ಮಾತುಗಳನ್ನು ನಿಷೇಧಿಸಿಕೊಂಡು ನೋಡಿರಿ. ಏನು ಚೆನ್ನಾಗಿತ್ತೆಂಬುದನ್ನು ಆಗ ಹೇಳಲೇಬೇಕಾಗುತ್ತದೆ.

ಇಷ್ಟೆಲ್ಲವನ್ನೂ ವಿದ್ವತ್ಸಭೆಯಿಂದ ಎರವಲು ತರಬೇಕಾದ ಆವಶ್ಯಕತೆಯೂ ನಮ್ಮ ಹೆಣ್ಣುಮಕ್ಕಳಿಗಿಲ್ಲ. ಮದುವೆಯಾಗಿ ಬಂದ ಹುಡುಗಿಯನ್ನು ಹೊಸ್ತಿಲಲ್ಲಿ ತಡೆದು ‘ಗಂಡನ ಹೆಸರು ಹೇಳಿ ಒಳಗೆ ಬಾ’ ಎನ್ನುವ ಪದ್ಧತಿಯು ಪೃಚ್ಛಕರ ಕೆಲಸವಲ್ಲದೆ ಇನ್ನೇನು? ಬರಿದೇ ಹೆಸರನ್ನು ಉಸುರುವಂತಿಲ್ಲ. ಎದುರಿಗೆ ಕಂಡ ದೀಪವನ್ನೋ, ತೋರಣವನ್ನೋ, ಅತ್ತೆಯ ಕೈಯ ಆರತಿಯ ತಟ್ಟೆಯನ್ನೋ ಹಿಡಿದು, ಪ್ರಾಸ ಕೂಡಿಸಿ, ಕೊನೆಯಲ್ಲಿ ಹೆಸರನ್ನು ಇಳಿಸಬೇಕು. ನಮ್ಮಲ್ಲಿ ಇದನ್ನು ಒಗಟು ಹೇಳುವುದೆನ್ನುತ್ತಾರೆ. ಉತ್ತರದ ಜಿಲ್ಲೆಗಳಲ್ಲಿ ಒಡಪೆನ್ನುತ್ತಾರೆ. ನಾಚಿಕೆಯಿಂದ ಬಾಯಿ ಕಟ್ಟಿದ ಹದಿನೆಂಟರ ಹುಡುಗಿಗೆ ಒಂದು ನಿಯಮವನ್ನು ಕೊಟ್ಟು ಮಾತನಾಡಿಸಿದ ಈ ಉಪಾಯವನ್ನು ಯಾವ ಅಲಂಕಾರಶಾಸ್ತ್ರಜ್ಞನೂ ಅವರಿಗೆ ಕಲಿಸಲಿಲ್ಲ. ರಾಗಿಕಲ್ಲಿನ ಮುಂದೆ ಕುಳಿತವರಿಗೆ ಕಲ್ಲಿನ ತಿರುಗಣೆಯೇ ತಾಳವನ್ನು ಕೊಡುತ್ತಿತ್ತು. ಹಾಡು ತಾನಾಗಿ ಬರುತ್ತಿತ್ತು. ಹಿಟ್ಟಿನ ಗಿರಣಿ ಬಂದು ದೇಹದ ಶ್ರಮವು ತಪ್ಪಿತು, ಅದು ಒಳ್ಳೆಯದೇ. ಆದರೆ ಕಲ್ಲಿನೊಡನೆ ಹಾಡು ಕೊಡುವ ಕಾರಣವೂ ಹೋಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ನಿಯಮವು ಮನಸ್ಸಿಗೆ ಸಂಕೋಲೆಯಾಗದೇ? ಆಗುತ್ತದೆ; ಆದಾಗ ಅದನ್ನು ಬಿಡಬೇಕು. ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ತೊರೆದರು. ನೂರಾರು ವರ್ಷ ಕವಿಗಳಿಗೆ ಆಧಾರವಾಗಿದ್ದ ಆ ನಿಯಮವು ಹೇಳಬೇಕಾದ ಅರ್ಥಕ್ಕೆ ಅಡ್ಡಬರುತ್ತಿದೆಯೆಂದು ಅವರಿಗೆ ತೋರಿತು. ಆದರೆ ಅದಾದ ಮೇಲೆ ನಮ್ಮ ಜಿಲ್ಲೆಯ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು ಏನು ಮಾಡಿದರೆಂಬುದನ್ನೂ ನೋಡಬೇಕು. ಅವರ ‘ಇಂಗ್ಲಿಷ್ ಗೀತಗಳು’ ೧೯೨೬ರಲ್ಲಿ ವಿಸ್ತೃತವಾಗಿ ಪ್ರಕಟವಾದಾಗ, ಕನ್ನಡದ ಕವಿತೆಗೆ ಹೊಸ ಹೊಸ ಧಾಟಿಗಳು ಸಿಕ್ಕಿದುವು. ವಸ್ತುವೂ ಭಾವವೂ ಪರರ ಕವಿತೆಗಳಿಂದ ಸಿದ್ಧವಾಗಿಯೇ ದೊರೆತಿದ್ದುದರಿಂದ ಅವರ ಪೂರ್ಣಶಕ್ತಿಯು ಕನ್ನಡ ಮಾತಿನ ನಡಿಗೆಯನ್ನು ಹುಡುಕುವುದಕ್ಕೆ ಒದಗಿತು. ಹಳೆಯ ಕಟ್ಟು ಸಡಿಲಿದಾಗ ಹೊಸ ಆಲಂಬನವೊಂದು ಬೇಕಾಯಿತೆಂಬುದೇ ಇದರ ಅರ್ಥ. ಬಾಳೆಗೊನೆಗೆ ಕೊಟ್ಟ ಊರೆಗೋಲನ್ನು ಗೊನೆ ಕಡಿದ ಮೇಲೆ ತೆಗೆಯುತ್ತೇವೆ. ಅದಕ್ಕೆ ಮುಂಚೆ ತೆಗೆಯುವುದು ಜಾಣತನವಲ್ಲ.

ಈಗ ಪಾಠಶಾಲೆಯ ವಿಷಯಕ್ಕೆ ಬರುವೆನು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳ ಪ್ರಬಂಧಗಳನ್ನು ತಿದ್ದಿದವನಾದುದರಿಂದ ಇದರಲ್ಲಿ ನಾಲ್ಕು ಮಾತು ಹೇಳುವ ಸಲಿಗೆ ನನಗುಂಟು. ‘ನಮ್ಮ ಊರು’ ಎಂಬ ವಿಷಯವನ್ನು ಕೊಟ್ಟರೆ ನಲವತ್ತು ಮಕ್ಕಳೂ ‘ನಮ್ಮ ಊರು ಬಹಳ ಸುಂದರವಾಗಿದೆ, ಸುತ್ತಲೂ ಹಸಿರು ಗದ್ದೆಗಳಿವೆ’ ಎಂದೇ ಆರಂಭಿಸುತ್ತಾರೆ. ಅದು ಅವರ ಊರಲ್ಲ, ಗೈಡಿನ ಊರು. ಅದೇ ಮಕ್ಕಳಿಗೆ ‘ನಿಮ್ಮ ಮನೆಯ ಬಾಗಿಲಿನಿಂದ ನಾಲೆಯ ಏರಿಯವರೆಗೆ ಬರಿಗಾಲಿನಲ್ಲಿ ನಡೆದರೆ ಕಾಲಿಗೆ ಏನೇನು ತಗಲುತ್ತದೆ?’ ಎಂದು ಕೇಳಿದಾಗ ತರಗತಿಯಲ್ಲಿ ಲೇಖನಿಗಳ ಸದ್ದು ಕೇಳಿಬಂತು. ಒಬ್ಬನು ಆಲೆಮನೆಯ ಮುಂದಿನ ಕಬ್ಬಿನ ಸಿಪ್ಪೆಯು ಚುಚ್ಚುವುದನ್ನು ಬರೆದನು. ಒಬ್ಬಳು ಒಂದು ಮನೆಯ ಮುಂದಿನ ಕಲ್ಲುಚಪ್ಪಡಿಯು ಬೆಳಗಿನಲ್ಲಿಯೂ ಬೆಚ್ಚಗಿರುವುದನ್ನೂ, ರಾತ್ರಿಯೆಲ್ಲ ಅಲ್ಲಿ ಆ ಮನೆಯ ಮುದುಕನು ಮಲಗಿರುತ್ತಾನೆಂಬುದನ್ನೂ, ಅವನಿಗೆ ಒಳಗೆ ಜಾಗವಿಲ್ಲವೆಂಬುದನ್ನೂ ಬರೆದಳು. ಹನ್ನೆರಡು ವರ್ಷದ ಹುಡುಗಿ ಅಷ್ಟನ್ನು ಕಂಡಿದ್ದಳು. ಅದನ್ನು ಯಾರೂ ಅವಳನ್ನು ಕೇಳಿರಲಿಲ್ಲ.

ಇದರಿಂದ ಒಳ್ಳೆಯ ಸಮಸ್ಯೆಯ ಲಕ್ಷಣವನ್ನು ಊಹಿಸಬಹುದು. ಅದು ಸಣ್ಣದಾಗಿರಬೇಕು; ‘ನಿಮ್ಮ ಜೀವನವನ್ನು ಬರೆಯಿರಿ’ ಎಂಬುದು ಸಮಸ್ಯೆಯಲ್ಲ, ಬೆದರಿಕೆ. ಅದು ಕಣ್ಣು, ಕಿವಿ, ಮೂಗು, ಚರ್ಮಗಳಿಗೆ ಗೋಚರವಾದ ವಸ್ತುವನ್ನು ಹಿಡಿದಿರಬೇಕು. ಅದರಲ್ಲಿ ಒಂದು ಗಂಟಿರಬೇಕು. ‘ಏಕೆ’ ಎಂದೋ ‘ಆದರೂ’ ಎಂದೋ ಮನಸ್ಸು ತಡೆದು ನಿಲ್ಲುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೇಳುವವನಿಗೆ ಉತ್ತರವು ಮೊದಲೇ ತಿಳಿದಿರಬಾರದು. ಉತ್ತರವನ್ನು ಬಲ್ಲವನು ಕೇಳಿದರೆ ಅದು ಪರೀಕ್ಷೆ. ತಿಳಿಯದವನು ಆಸೆಯಿಂದ ಕೇಳಿದರೆ ಮಾತ್ರ ಹೇಳುವವನಿಗೆ ಹುರುಪು ಬರುತ್ತದೆ.

ಹೀಗೆ ಕೇಳುವವರಿಲ್ಲದೆ ಎಷ್ಟು ನಷ್ಟವಾಗುತ್ತಿದೆಯೆಂಬುದನ್ನು ಕೊಂಚ ಯೋಚಿಸಬೇಕು. ನಮ್ಮ ಕೆರಗೋಡು ಇರುವುದು ಮಂಡ್ಯ ತಾಲ್ಲೂಕಿನಲ್ಲಿ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯಿಂದ ಈ ಸೀಮೆಯ ಬಾಳೇ ಬದಲಾಯಿತು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯು ಸ್ಥಾಪಿತವಾಯಿತು; ೧೯೩೯ರಲ್ಲಿ ಮಂಡ್ಯವು ಬೇರೆ ಜಿಲ್ಲೆಯಾಯಿತು. ಇವು ಪುಸ್ತಕಗಳಲ್ಲಿವೆ. ಆದರೆ ನಾಲೆಯ ನೀರು ಮೊದಲ ಬಾರಿಗೆ ಹೊಲಕ್ಕೆ ಹರಿದ ದಿನ ಮನೆಯವರು ಏನು ಮಾಡಿದರು, ರಾಗಿಯನ್ನು ಬಿಟ್ಟು ಕಬ್ಬನ್ನು ನೆಡುವುದಕ್ಕೆ ಅಜ್ಜನು ಒಪ್ಪಿದನೇ ಇಲ್ಲವೇ, ಮೊದಲ ಕಬ್ಬಿನ ಹಣದಿಂದ ಮನೆಗೆ ಏನು ಬಂತು, ಇವು ಯಾವ ಗೆಜೆಟಿಯರಿನಲ್ಲಿಯೂ ಇಲ್ಲ. ಅದನ್ನು ಕಣ್ಣಾರೆ ಕಂಡವರು ತೀರಿಹೋದರು. ಅವರ ಬಾಯಿಂದ ಕೇಳಿದವರು ಈಗ ಎಂಬತ್ತನ್ನು ದಾಟುತ್ತಿದ್ದಾರೆ. ಇವರೂ ‘ಏನೂ ತೋಚುವುದಿಲ್ಲ’ ಎಂದು ಕುಳಿತರೆ ಮುಂದೆ ತೋಚುವವರೇ ಇರುವುದಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ವೃದ್ಧೆಯಿದ್ದರು. ನಾಲ್ಕನೆಯ ತರಗತಿಯವರೆಗೆ ಓದಿದ್ದವರು, ಅಕ್ಷರ ದುಂಡಾಗಿತ್ತು. ಮಗನು ಪುಸ್ತಕವೊಂದನ್ನು ತಂದುಕೊಟ್ಟು “ಅವ್ವ, ನಿನ್ ಕತೆ ಬರಿ” ಎಂದನು. “ನಂದೇನ್ ಕತೆ ಕನಪ್ಪ? ಉಂಡೆ, ಗೇದೆ, ಮಕ್ಳ ಸಾಕ್ದೆ” ಎಂದು ಅವರು ಅದನ್ನು ದೇವರ ಗೂಡಿನಲ್ಲಿ ಇಟ್ಟುಬಿಟ್ಟರು. ಎರಡು ವರ್ಷ ಅದು ಅಲ್ಲಿಯೇ ಇತ್ತು. ಆಮೇಲೆ ಬೆಂಗಳೂರಿನಲ್ಲಿ ಓದುತ್ತಿದ್ದ ಮೊಮ್ಮಗಳು ರಜಕ್ಕೆ ಬಂದಾಗಲೆಲ್ಲ ನಾಲ್ಕಾರು ಚೀಟಿಗಳಲ್ಲಿ ಒಂದೊಂದು ಪ್ರಶ್ನೆಯನ್ನು ಬರೆದು ಪುಸ್ತಕದೊಳಗೆ ಇಟ್ಟುಹೋಗತೊಡಗಿದಳು. ‘ಅಜ್ಜಿ, ನೀನು ಈ ಮನೆಗೆ ಬಂದ ಮೊದಲನೆಯ ರಾತ್ರಿ ಏನು ಸದ್ದು ಕೇಳಿಸಿತು?’ ‘ನೀನು ಯಾರಿಗೂ ಹೇಳದೆ ಕೊಟ್ಟ ವಸ್ತು ಯಾವುದು?’ ಮೊದಲನೆಯದಕ್ಕೆ ಅವರು, ಅಳು ಬಾರದಿರಲೆಂದು ಕೊಟ್ಟಿಗೆಯ ದನಗಳ ಕೊರಳ ಗಂಟೆಗಳನ್ನು ಎಣಿಸಿದುದನ್ನು ಬರೆದರು. ಎರಡನೆಯ ಚೀಟಿಗೆ ಉತ್ತರವು ಬಹುದಿನಗಳ ಮೇಲೆ ಬಂತು. ಮಳೆ ಹೋದ ಒಂದು ವರ್ಷ ಮೈದುನನ ಓದು ನಿಲ್ಲುವಂತಾಗಿ, ತವರಿನಿಂದ ತಂದಿದ್ದ ಓಲೆಯನ್ನು ಅತ್ತೆಯ ಮೂಲಕ ಗಿರವಿಗೆ ಕಳುಹಿಸಿದ್ದರಂತೆ. ಅದು ಮತ್ತೆ ಬಿಡಿಸಿಕೊಂಡು ಬರಲಿಲ್ಲ. ಕಳೆದುಹೋಯಿತೆಂದು ಗಂಡನಿಗೆ ಹೇಳಿ ಬೈಸಿಕೊಂಡರಂತೆ. ಆ ಮೈದುನನು ಓದಿ, ಉದ್ಯೋಗ ಮಾಡಿ, ನಿವೃತ್ತನಾಗಿ, ಅತ್ತಿಗೆಯ ತಿಥಿಗೆ ಬಂದಾಗ ಆ ಪುಟವನ್ನು ಓದಿದನು. ಐವತ್ತು ವರ್ಷ ಒಂದೇ ಹಟ್ಟಿಯಲ್ಲಿ ಹಬ್ಬವುಂಡವರ ನಡುವೆ ಇಷ್ಟು ದೊಡ್ಡ ಮಾತು ಮಾತಿಲ್ಲದೆ ಉಳಿದಿತ್ತು. ಅದನ್ನು ಹೊರಗೆ ತಂದುದು ಒಂದು ಅಂಗುಲದ ಚೀಟಿ. ಆ ಪುಸ್ತಕದಲ್ಲಿ ತುಂಬಿರುವುದು ಹದಿನೇಳು ಪುಟಗಳು. ಮಿಕ್ಕವು ಬರಿದಾಗಿಯೇ ಇವೆ.

ಆದಕಾರಣ ಗೃಹಸ್ಥರಲ್ಲಿ ನನ್ನ ಸೂಚನೆಗಳು ಇಷ್ಟು. ಮನೆಯಲ್ಲಿ ಒಂದು ಡಬ್ಬಿಯನ್ನಿಡಿರಿ. ಮನೆಯವರೆಲ್ಲ, ಮಕ್ಕಳೂ ಸೇರಿ, ತಮಗೆ ನಿಜವಾಗಿಯೂ ತಿಳಿಯಬೇಕೆಂದಿರುವ ಒಂದೊಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಹಾಕಲಿ. ವಾರಕ್ಕೊಂದು ಸಂಜೆ ಒಂದು ಚೀಟಿಯನ್ನು ಎತ್ತಿ, ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಮಾತ್ರ ಬರೆಯಿರಿ. ಆ ಅರ್ಧ ಗಂಟೆಯಲ್ಲಿ ಹೊಡೆದುಹಾಕುವುದು ಬೇಡ; ತಿದ್ದುವುದನ್ನು ರಾಜಶೇಖರನು ಹೇಳಿದಂತೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಿರಿ. ಹಲಗೆ ಬಳಪವನ್ನು ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದೆನೆಂದು ಕುಮಾರವ್ಯಾಸನು ಹೆಮ್ಮೆಪಟ್ಟಿದ್ದಾನೆ. ಅದು ಹೆಮ್ಮೆಯ ಸಂಗತಿಯಾಗಬೇಕಾದರೆ ಮಿಕ್ಕ ಕವಿಗಳೆಲ್ಲ ಹಲಗೆಯ ಮೇಲೆ ಬರೆದು ಅಳಿಸಿ ತಿದ್ದುತ್ತಿದ್ದರೆಂದಾಯಿತಷ್ಟೆ. ನಾವು ಆ ಮಿಕ್ಕವರ ಗುಂಪಿಗೆ ಸೇರಿದರೆ ಅವಮಾನವಿಲ್ಲ. ಬರೆಯಲಾರದ ಹಿರಿಯರಿದ್ದರೆ ಅವರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಹೇಳಿದ ಮಾತನ್ನು ಪುಸ್ತಕದ ಭಾಷೆಗೆ ತಿರುಗಿಸದೆ ಹೇಳಿದಂತೆಯೇ ಬರೆಯಲಿ.

ಈಗ ಕೈಯಲ್ಲಿರುವ ದೂರವಾಣಿಯ ಯಂತ್ರವನ್ನು ಕೇಳಿದರೆ ಅದೇ ಕ್ಷಣಾರ್ಧದಲ್ಲಿ ಪ್ರಬಂಧವನ್ನು ಬರೆದುಕೊಡುತ್ತದೆಯೆಂದು ಹುಡುಗರು ಹೇಳುತ್ತಾರೆ. ಕೊಡಲಿ. ‘ಬೆಲ್ಲದ ತಯಾರಿಕೆ’ಯನ್ನು ಅದು ನನಗಿಂತ ಚೆನ್ನಾಗಿ ಬರೆದೀತು. ಅತ್ತಿಗೆಯ ಓಲೆಯ ಸಂಗತಿಯು ಮಾತ್ರ ಅದಕ್ಕೆ ಗೊತ್ತಿಲ್ಲ. ಯಂತ್ರದಿಂದ ಉತ್ತರವನ್ನು ಬರೆಯಿಸಿಕೊಳ್ಳುವ ಬದಲು, ಅಜ್ಜಿಯನ್ನು ಏನು ಕೇಳಬಹುದೆಂದು ಅದರಿಂದ ನಾಲ್ಕು ಪ್ರಶ್ನೆಗಳನ್ನು ಪಡೆದುಕೊಂಡರೆ ಅದೂ ಒಬ್ಬ ಪೃಚ್ಛಕನಾಗಿ ಉಪಕಾರ ಮಾಡಬಹುದು.

ಡಬ್ಬಿಗೆ ಮೊದಲ ಚೀಟಿಗಳು ಬೇಕಾದವರಿಗೆ ಕೆಲವನ್ನು ಇಲ್ಲಿ ಕೊಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಈಗ ಯಾರೂ ಉಪಯೋಗಿಸದ, ಆದರೂ ಯಾರೂ ಬಿಸಾಡದ ವಸ್ತು ಯಾವುದು? ನಿಮ್ಮ ತಾಯಿ ಕೋಪ ಬಂದಾಗ ಯಾವ ಪಾತ್ರೆಯನ್ನು ಸದ್ದು ಮಾಡುತ್ತಿದ್ದರು? ಊರಿನಲ್ಲಿ ಯಾವ ಮರವನ್ನು ಕಡಿದಾಗ ನಿಮಗೆ ದಾರಿ ತಪ್ಪಿದಂತಾಯಿತು? ನಿಮಗೆ ಬಂದ ಕಾಗದಗಳಲ್ಲಿ ಎರಡು ಸಲ ಓದಿದ್ದು ಯಾವುದು? ಊರಿನ ಹೆಸರು ಹೇಗೆ ಬಂತೆಂದು ಮೂವರು ಹಿರಿಯರನ್ನು ಕೇಳಿ, ಮೂರನ್ನೂ ಬರೆಯಿರಿ. ಕೆರಗೋಡಿನವರು ಹೆಸರಿನಲ್ಲಿರುವ ಕೆರೆಯಿಂದ ಆರಂಭಿಸಬಹುದು. ದತ್ತಪದಿಗಾಗಿ ನಾಲ್ಕು ಮಾತುಗಳು: ಕೊಡ, ಕುಡುಗೋಲು, ರೈಲು, ಸಂಬಳ.

ಬರೆದುದನ್ನು ಪತ್ರಿಕೆಗೆ ಕಳುಹಿಸಬೇಕೆಂಬ ನಿರ್ಬಂಧವಿಲ್ಲ. ಅದು ಮನೆಯ ಪೆಟ್ಟಿಗೆಯಲ್ಲಿಯೇ ಇದ್ದು, ಬೇಕಾದವರ ಕೈಗೆ ಬೇಕಾದ ಕಾಲಕ್ಕೆ ಸಿಕ್ಕಿದರೆ ಸಾಕು. ಈ ತಿಂಗಳ ಸಮಸ್ಯೆಯನ್ನು ಕೊಟ್ಟು ಮುಗಿಸುತ್ತೇನೆ. ಗದ್ಯದಲ್ಲಾಗಲಿ ಪದ್ಯದಲ್ಲಾಗಲಿ ಪೂರ್ತಿಮಾಡಿರಿ:

‘ಬಾಗಿಲು ಮುಚ್ಚಿದ ಮೇಲೆ ಮನೆಯೊಳಗೆ ಬೆಳಕು ಬಂತು.’